ಬಂಕ್‌ನಲ್ಲಿ ಸಿಗೋದು ಒಂದೇ ಪೆಟ್ರೋಲ್, ಮನೆಯಲ್ಲಿರೋದು ಮೂರು ಗಾಡಿ

(ಮೈಸೂರಿನಲ್ಲಿ ಹಳೇ ಬೈಕ್ ಇಟ್ಟುಕೊಂಡಿರುವ ಒಂದಷ್ಟು ಗೆಳೆಯರು ಭಾನುವಾರ ಬೆಳಿಗ್ಗೆ ಸೇರಿದ್ದಾಗ ಆಡಿದ ಮಾತುಗಳ ಬರಹ ರೂಪ. ಮಧ್ಯೆ ಬಂದ ಪ್ರಶ್ನೆಗಳನ್ನೂ ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹಾಲ್ ಬೇಡ, ಅಂಗಳದಲ್ಲೇ ಕೂರೋಣ ಅಂದಿದ್ದು ನಾನೇ. ಗಾಳಿ ಬರಲಿ ಅಂತಲ್ಲ, ಈಗ ನಾನು ಪೆಟ್ರೋಲ್ ಬಾಟಲಿ ಬಿಚ್ಚುತ್ತೇನೆ, ಅದಕ್ಕೆ. ಸಿಗರೇಟು ಸೇದುವವರು ಗೇಟಿನ ಆಚೆ ಹೋಗಿ ಬನ್ನಿ. ಫೋಟೋ ಆಮೇಲೆ ತೆಗೆಯಿರಿ. ನಾವು ಕೂತಿರೋದು ಹೊಂಗೆ ಮರದ ಕೆಳಗೆ. ಇದೇ ಹೊಂಗೆ ಬೀಜದ ಎಣ್ಣೆಯಲ್ಲಿ ಡೀಸೆಲ್ ಗಾಡಿ ಓಡಿಸಬಹುದು ಅಂತ ಒಂದು ಕಾಲದಲ್ಲಿ ಎಷ್ಟು ಸದ್ದು ಮಾಡಿದ್ವಿ ನೆನಪಿದೆಯಾ? ಇರಲಿ, ಅದು ಬೇರೆ ಕಥೆ.

ಇದು ಕಾಲೇಜಿನ ಲ್ಯಾಬ್‌ನಲ್ಲಿ ಇರುತ್ತದಲ್ಲ, ಅಳತೆಯ ಗಾಜಿನ ಕೊಳವೆ. 100 ಎಂಎಲ್‌ದು. ಮೊದಲು ನಲ್ಲಿ ನೀರು ಹಾಕುತ್ತೇನೆ, 10ರ ಗೆರೆ ತನಕ. ಈಗ ಮೇಲೆ ಪೆಟ್ರೋಲ್. ಇವತ್ತು ಬೆಳಿಗ್ಗೆ ಬಂಕ್‌ನಲ್ಲಿ ಹಾಕಿಸಿದ್ದು. 100ರ ಗೆರೆ ಬಂತು. ಅಂದ್ರೆ 10 ನೀರು, 90 ಪೆಟ್ರೋಲ್. ಬಿರಡೆ ಹಾಕಿ ನಾಲ್ಕು ಸಲ ತಲೆಕೆಳಗೆ ಮಾಡಿ ಇಲ್ಲಿ ಮೇಜಿನ ಮೇಲೆ ಇಡುತ್ತೇನೆ. ಈಗ ಹಾಲಿನ ಹಾಗೆ ಕಲಕಿಕೊಂಡಿದೆ. ಅದು ತಿಳಿಯಾಗಲಿ. ಅಲ್ಲಿಯವರೆಗೆ ಮಾತಾಡೋಣ.

ನನ್ನನ್ನು ಕರೆದಾಗ ಕೊಟ್ಟ ವಿಷಯ, "ನಮ್ಮ ಬೈಕ್‌ಗೆ ಯಾವ ಪೆಟ್ರೋಲ್ ಸರಿ?" ಅಂತ. ಬಂಕ್ ಪೆಟ್ರೋಲಿಗೆ ಈಗ ಎಥನಾಲ್, ಅಂದ್ರೆ ಕಬ್ಬು, ಜೋಳದಿಂದ ತೆಗೆಯುವ ಆಲ್ಕೋಹಾಲ್, ಬೆರೆಸುತ್ತಾರಲ್ಲ, ಅದಕ್ಕೆ. ಕೇಳೋಕೆ ಚೆನ್ನಾಗಿದೆ. ಆದರೆ ಈ ಪ್ರಶ್ನೆ ಕೇಳಬೇಕಾದರೆ ಅಂಗಡಿಯಲ್ಲಿ ಎರಡು ಮೂರು ಮಾಲು ಇರಬೇಕು, ಅಲ್ವಾ? ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರ್‌ನಲ್ಲಿ ಮಾಮೂಲಿ ಪೆಟ್ರೋಲನ್ನು ಇ10, ಅಂದ್ರೆ ನೂರಕ್ಕೆ 10 ಪಾಲು ಎಥನಾಲ್ ಇರುವಂಥದ್ದು, ಮಾಡಿದರು. ಆದರೆ ಹಳೇ ಗಾಡಿಯವರಿಗೆ ಅಂತ ಸೂಪರ್ ಪೆಟ್ರೋಲನ್ನು ಇ5 ಆಗಿಯೇ ಉಳಿಸಿದರು. ಅಮೆರಿಕದಲ್ಲಿ ಇ15 ಸಿಗುತ್ತದೆ, ಆದರೆ ಅಲ್ಲಿನ ಪರಿಸರ ಇಲಾಖೆ ಅದನ್ನು ಮೋಟಾರ್ ಸೈಕಲ್‌ಗೆ ಹಾಕುವಂತೆಯೇ ಇಲ್ಲ ಅಂತ ನಿಯಮ ಮಾಡಿದೆ. ಪಂಪಿನ ಮೇಲೆ ಚೀಟಿ ಅಂಟಿಸಿರುತ್ತಾರೆ. ಅಲ್ಲಿ ಬೈಕ್ ಇಟ್ಟುಕೊಂಡಿರುವ ನಮ್ಮ ಹುಡುಗರು ಅದನ್ನು ಓದಿಯೇ ಹಾಕಿಸಬೇಕು. ಬ್ರೆಜಿಲ್‌ನವರ ಲೆಕ್ಕವಂತೂ ಇನ್ನೂ ಮಜಾ. ಅಲ್ಲಿ 2009ರಿಂದಲೇ ಪೆಟ್ರೋಲ್, ಎಥನಾಲ್ ಎರಡನ್ನೂ ಕುಡಿಯುವ ಬೈಕ್‌ಗಳಿವೆ. ಸವಾರ ಬಂಕ್ ಮುಂದೆ ನಿಂತು ಬೋರ್ಡ್ ನೋಡುತ್ತಾನೆ. ಎಥನಾಲ್ ಬೆಲೆ ಪೆಟ್ರೋಲ್ ಬೆಲೆಯ ನೂರಕ್ಕೆ 70ಕ್ಕಿಂತ ಕಮ್ಮಿ ಇದ್ದರೆ ಎಥನಾಲ್, ಇಲ್ಲದಿದ್ದರೆ ಪೆಟ್ರೋಲ್. ಅದು ಆಯ್ಕೆ ಅಂದ್ರೆ.

ನಮ್ಮಲ್ಲಿ ಹಾಗಿಲ್ಲ. ನಮ್ಮ ಕಥೆ ಬೇಗ ಹೇಳಿಬಿಡುತ್ತೇನೆ. 2003ರಲ್ಲಿ ಕರ್ನಾಟಕವೂ ಸೇರಿ ಒಂಬತ್ತು ರಾಜ್ಯಗಳಲ್ಲಿ ಶೇ. 5 ಎಥನಾಲ್ ಬೆರೆಸಲು ಶುರು ಮಾಡಿದರು. ಬಹಳ ವರ್ಷ ಅದು ಕುಂಟುತ್ತಾ ಸಾಗಿತು. 2022ರ ಜೂನ್ ಹೊತ್ತಿಗೆ ಶೇ. 10 ಮುಟ್ಟಿತು. 2023ರ ಫೆಬ್ರವರಿ 6ರಂದು ಇ20 ಪೆಟ್ರೋಲಿಗೆ ಚಾಲನೆ ಕೊಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ. ಆಗ 84 ಬಂಕ್‌ಗಳಲ್ಲಿ ಮಾತ್ರ ಇತ್ತು. 2025ಕ್ಕೆ ದೇಶವೆಲ್ಲಾ ಇ20. ಮೊದಲು 2030ಕ್ಕೆ ಅಂತ ಇಟ್ಟುಕೊಂಡಿದ್ದ ಗುರಿ ಅದು. ಎಥನಾಲ್ ಇಲ್ಲದ ಪೆಟ್ರೋಲನ್ನೂ ಮಾರಲಿ ಅಂತ ಒಬ್ಬರು ಸುಪ್ರೀಂ ಕೋರ್ಟಿಗೆ ಹೋದರು. 2025ರ ಸೆಪ್ಟೆಂಬರ್ 1ರಂದು ಅರ್ಜಿ ವಜಾ ಆಯಿತು.

ನನ್ನ ಅಭಿಪ್ರಾಯ ಕೇಳಿದರೆ, ಎಥನಾಲ್ ಬೆರೆಸಿದ್ದಕ್ಕೆ ನನ್ನ ತಕರಾರಿಲ್ಲ. ಹಳೇ ಗಾಡಿಯವನಿಗೆ ಬ್ರಿಟನ್ನಿನ ಹಾಗೆ ಒಂದು ನಳಿಕೆ ಬಿಡಬೇಕಿತ್ತು, ಬಿಡಲಿಲ್ಲ. ಅಷ್ಟೇ ನನ್ನ ಸಿಟ್ಟು. ಪೆಟ್ರೋಲ್ ಆರಿಸೋಕೆ ಆಗಲ್ಲ ಅಂದಮೇಲೆ ನಮ್ಮ ಕೈಯಲ್ಲಿ ಉಳಿದಿರೋದು ಬೇರೆ. ಎಷ್ಟು ಹಾಕಿಸಬೇಕು, ಎಷ್ಟು ದಿನ ಟ್ಯಾಂಕಿನಲ್ಲಿ ಬಿಡಬೇಕು, ಗಾಡಿಯ ಒಳಗೆ ಏನು ಬದಲಾಯಿಸಬೇಕು. ಇದಕ್ಕೆ ಗಾಡಿಯ ವಯಸ್ಸು ಗೊತ್ತಿರಬೇಕು. ನನ್ನ ಮನೆಯಲ್ಲಿ ಮೂರು ವಯಸ್ಸಿನ ಗಾಡಿಗಳಿವೆ. ಅವುಗಳ ಮೇಲೆ ಹೇಳಿದರೆ ನಿಮಗೂ ನಿಮ್ಮ ಗಾಡಿ ಎಲ್ಲಿ ಬರುತ್ತದೆ ಅಂತ ಗೊತ್ತಾಗುತ್ತದೆ.

ಮೊದಲು ಮಗಳ ಬೈಕ್. 2024ರದ್ದು. ಟ್ಯಾಂಕ್ ಮುಚ್ಚಳದ ಹತ್ತಿರ ಇ20 ಅಂತ ಸ್ಟಿಕ್ಕರ್ ಇದೆ. 2023ರ ಏಪ್ರಿಲ್‌ನಿಂದ ಬಂದ ಗಾಡಿಗಳಲ್ಲಿ ರಬ್ಬರ್, ಪ್ಲಾಸ್ಟಿಕ್, ಲೋಹ ಎಲ್ಲಾ ಇ20 ತಡೆಯುವಂಥದ್ದು ಇರಬೇಕು ಅಂತ ಲೆಕ್ಕ. ಇಂಜಿನ್ನನ್ನೇ ಇ20ಗೆ ಹೊಂದಿಸಿ ಮಾಡಬೇಕು ಅಂತ ಇಟ್ಟುಕೊಂಡಿದ್ದು 2025ರ ಏಪ್ರಿಲ್‌ನಿಂದ. ಇಂಥ ಗಾಡಿ ಇರುವವರು ಕಣ್ಣು ಮುಚ್ಚಿಕೊಂಡು ಹಾಕಿಸಿ. ನಿಮಗೆ ನನ್ನ ಭಾಷಣ ಬೇಕಾಗಿಲ್ಲ, ಬೇಕಿದ್ದರೆ ಕಾಫಿ ಕುಡಿದು ಬನ್ನಿ.

2020ರಿಂದ 2023ರ ಮಧ್ಯೆ ತೆಗೆದುಕೊಂಡವರು ಮಾತ್ರ ಒಂದು ನಿಮಿಷ ಕೂರಿ. ನಿಮ್ಮದು ಬಿಎಸ್6, ಅಂದ್ರೆ ಹೊಗೆಯ ಹೊಸ ನಿಯಮಕ್ಕೆ ಮಾಡಿದ್ದು. ಹೆಚ್ಚಿನವು ಇಂಜೆಕ್ಷನ್ ಗಾಡಿ, ಕಂಪ್ಯೂಟರ್ ಅಳೆದು ಪೆಟ್ರೋಲ್ ಚಿಮ್ಮಿಸುತ್ತದೆ. ಸೈಲೆನ್ಸರ್ ಪೈಪಿನ ಬುಡದಲ್ಲಿ ಒಂದು ಆಕ್ಸಿಜನ್ ಸೆನ್ಸಾರ್ ಇರುತ್ತದೆ. ಅದು ಹೊಗೆಯನ್ನು ಮೂಸಿ ನೋಡಿ, ಪೆಟ್ರೋಲ್ ಕಮ್ಮಿ ಆಯ್ತು, ಇನ್ನೊಂದು ಚೂರು ಹಾಕು ಅಂತ ಕಂಪ್ಯೂಟರಿಗೆ ಹೇಳುತ್ತದೆ. ಮಾಮೂಲಿ ಓಡಾಟದಲ್ಲಿ ಅದೇ ಸರಿ ಮಾಡಿಕೊಳ್ಳುತ್ತದೆ. ಆಕ್ಸಿಲೇಟರ್ ಪೂರ್ತಿ ತಿರುಚಿದಾಗ ಮಾತ್ರ ಅದು ಸೆನ್ಸಾರ್ ಮಾತು ಕೇಳದೆ ಕಂಪನಿ ಬರೆದಿಟ್ಟ ಲೆಕ್ಕದ ಪ್ರಕಾರವೇ ಹೋಗುತ್ತದೆ. ಹಾಗಾಗಿ ದಿನಾ ಆಫೀಸಿಗೆ ಹೋಗಿ ಬರುವವರಿಗೆ ದೊಡ್ಡ ತೊಂದರೆ ಏನಿಲ್ಲ. ಮ್ಯಾನುಯಲ್‌ನಲ್ಲಿ ಇ10 ಅಂತ ಬರೆದಿದೆಯಾ ನೋಡಿ. ಇದ್ದರೆ ಸರ್ವಿಸ್ ಹೊತ್ತಲ್ಲಿ ಪೆಟ್ರೋಲ್ ಪೈಪು ಗಟ್ಟಿಯಾಗಿದೆಯಾ, ಬಿರುಕು ಬಿಟ್ಟಿದೆಯಾ ಅಂತ ನೋಡಿಸಿ.

ಎರಡನೆಯದು ನಾನು ದಿನಾ ಓಡಿಸುವ ಗಾಡಿ. 2014ರ 100 ಸಿಸಿ, ಗಾಳಿಗೆ ಪೆಟ್ರೋಲ್ ಬೆರೆಸಿ ಕಳಿಸುವ ಕಾರ್ಬೊರೇಟರ್‌ದು. ಈ ಅಂಗಳದ ಹೊರಗೆ ನಿಂತಿರುವ ಅರ್ಧ ಗಾಡಿಗಳು ಇದೇ ಜಾತಿ. ಕಾರ್ಬೊರೇಟರ್‌ಗೆ ಮೂಗಿಲ್ಲ. ಜೆಟ್‌ನಲ್ಲಿ ಒಂದು ತೂತು ಇದೆ, ಅದರಲ್ಲಿ ಎಷ್ಟು ಬರುತ್ತದೋ ಅಷ್ಟೇ. ಬರೀ ಪೆಟ್ರೋಲ್ ಸರಿಯಾಗಿ ಉರಿಯೋಕೆ ತನ್ನ ತೂಕದ 14.7 ಪಟ್ಟು ಗಾಳಿ ಬೇಕು. ಎಥನಾಲ್‌ಗೆ 9 ಪಟ್ಟು ಸಾಕು. ಅದರೊಳಗೇ ಆಕ್ಸಿಜನ್ ಇದೆ, ಅದಕ್ಕೆ. ಇ20ಗೆ ಲೆಕ್ಕ ಹಾಕಿದರೆ 13.5ರ ಆಸುಪಾಸು ಬರುತ್ತದೆ. ಅಂದ್ರೆ ಹಳೇ ತೂತಿನಲ್ಲಿ ಹೊಸ ಪೆಟ್ರೋಲ್ ಬಂದರೆ ಇಂಜಿನ್‌ಗೆ ಗಾಳಿ ಜಾಸ್ತಿ, ಊಟ ಕಮ್ಮಿ. ಮೆಕ್ಯಾನಿಕ್‌ಗಳು ಇದಕ್ಕೆ 'ಲೀನ್' ಅಂತಾರೆ. ಲೀನ್ ಆದ ಗಾಡಿ ಬೆಳಿಗ್ಗೆ ಚೋಕ್ ಎಳೆಯದೆ ಸ್ಟಾರ್ಟ್ ಆಗಲ್ಲ. ಆಕ್ಸಿಲೇಟರ್ ಬಿಟ್ಟಾಗ ಸೈಲೆನ್ಸರ್‌ನಲ್ಲಿ ಪಟ್ ಪಟ್ ಅನ್ನುತ್ತದೆ. ಇಂಜಿನ್ ಬಿಸಿ ಜಾಸ್ತಿ. ಪ್ಲಗ್ ಬಿಚ್ಚಿ ನೋಡಿ. ಕಾಫಿಪುಡಿ ಬಣ್ಣ ಇದ್ದರೆ ಸರಿ. ಸುಣ್ಣದ ಹಾಗೆ ಬೆಳ್ಳಗಿದ್ದರೆ ಲೀನ್.

ನನ್ನ 100 ಸಿಸಿಗೆ ಮಾಡಿದ್ದು ಮೂರೇ ಕೆಲಸ. ಪೆಟ್ರೋಲ್ ಪೈಪು ಬದಲಾಯಿಸಿದೆ. ಕಾರ್ಬೊರೇಟರ್ ಒಳಗಿನ ಫ್ಲೋಟ್ ಪಿನ್ನು, ಬೌಲ್ ರಬ್ಬರು ಹೊಸದು ಹಾಕಿಸಿದೆ. ಮಿಕ್ಸ್ಚರ್ ಸ್ಕ್ರೂ ಚೂರು ಹೊಂದಿಸಿದೆ. ಒಟ್ಟು ಖರ್ಚು ಒಂದು ಸಂಜೆಯ ಹೋಟೆಲ್ ಊಟದಷ್ಟು. ಇ20 ಶುರುವಾದ ಹೊಸದರಲ್ಲಿ ಫಿಲ್ಟರ್ ಒಂದು ಸಲ ಕಟ್ಟಿಕೊಂಡಿತು. ಅದಕ್ಕೂ ಕಾರಣ ಇದೆ. ಎಥನಾಲ್ ಒಳ್ಳೇ ತೊಳೆಯುವ ದ್ರವ. ಹತ್ತು ವರ್ಷದಿಂದ ಟ್ಯಾಂಕಿನ ತಳಕ್ಕೆ ಅಂಟಿಕೊಂಡಿದ್ದ ಕೊಳೆಯನ್ನೆಲ್ಲಾ ಎಬ್ಬಿಸಿ ಕಳಿಸುತ್ತದೆ. ಒಂದೆರಡು ಸಲ ಫಿಲ್ಟರ್ ತೊಳೆದರೆ ಆಯ್ತು.

ಹಾಂ, ಮೈಲೇಜ್. ಕೈ ಎತ್ತಿದ್ದೀರಿ, ಗೊತ್ತಾಯ್ತು. "ಸಾರ್, ನಂದು ಅರವತ್ತು ಕೊಡ್ತಿತ್ತು, ಈಗ ನಲವತ್ತೈದು. ಎಲ್ಲಾ ಎಥನಾಲ್ ಮಹಿಮೆ" ಅಂತೀರಿ. ಲೆಕ್ಕ ಮಾಡೋಣ. ಒಂದು ಲೀಟರ್ ಎಥನಾಲ್‌ನಲ್ಲಿರುವ ಶಕ್ತಿ ಪೆಟ್ರೋಲಿನ ಮೂರರಲ್ಲಿ ಎರಡು ಪಾಲು. ನೂರಕ್ಕೆ 20 ಬೆರೆಸಿದರೆ ಒಟ್ಟು ಶಕ್ತಿ ಆರೇಳು ಪಾಲು ಇಳಿಯುತ್ತದೆ. ಇದು ಬರೀ ಪೆಟ್ರೋಲಿಗೆ ಹೋಲಿಸಿದಾಗ. ನಾವು ಆಗಲೇ ಇ10ಕ್ಕೆ ಬಂದಿದ್ವಿ, ಅಲ್ಲಿಂದ ಇ20ಗೆ ಅದರಲ್ಲಿ ಅರ್ಧ. 2021ರ ನೀತಿ ಆಯೋಗದ ವರದಿಯೇ ಹೇಳಿದ್ದು, ಹಳೇ ದ್ವಿಚಕ್ರ ವಾಹನಗಳಲ್ಲಿ ಮೈಲೇಜ್ ಶೇ. 3ರಿಂದ 4 ಇಳಿಯುತ್ತದೆ ಅಂತ. ಅರವತ್ತು ಕೊಡುತ್ತಿದ್ದ ಗಾಡಿ 58 ಕೊಡಬೇಕು. ಹೆಚ್ಚು ಅಂದ್ರೆ 56. ನಲವತ್ತೈದು ಅಂದ್ರೆ ಸ್ವಾಮಿ, ನಿಮ್ಮ ಟೈರ್ ಗಾಳಿ ನೋಡಿ, ಚೈನ್ ನೋಡಿ, ಬ್ರೇಕ್ ಹಿಡಿದುಕೊಂಡಿದೆಯಾ ನೋಡಿ. ಎಥನಾಲ್ ತಪ್ಪು ಎರಡು ಕಿಲೋಮೀಟರ್‌ದು. ಉಳಿದ ಹದಿಮೂರು ನಮ್ಮದು.

ಹಾಗಂತ ಆ ಎರಡು ಕಿಲೋಮೀಟರ್ ಸುಳ್ಳಲ್ಲ. ವರ್ಷಕ್ಕೆ 12,000 ಕಿಲೋಮೀಟರ್ ಓಡಿಸುವವನಿಗೆ 200 ಲೀಟರ್ ಬದಲು 207 ಬೇಕು. ಏಳು ಲೀಟರ್, ಸುಮಾರು ಏಳು ನೂರು ರೂಪಾಯಿ. ಬೆರೆಸಿದ ಪೆಟ್ರೋಲನ್ನು ಬೆರೆಸದ ಪೆಟ್ರೋಲಿನ ಬೆಲೆಗೇ ಮಾರುವಾಗ ಈ ಏಳು ನೂರು ಯಾರ ಜೇಬಿಂದ ಅಂತ ಕೇಳುವ ಹಕ್ಕು ನಿಮಗಿದೆ, ಕೇಳಿ.

ಇಲ್ಲೇ ಇನ್ನೊಂದು ಮಾತು. ಮೈಲೇಜ್ ಹೋಯ್ತು ಅಂತ ಬೇಜಾರಾಗಿ ಬಹಳ ಜನ 95 ಆಕ್ಟೇನ್ ಪ್ರೀಮಿಯಂ ಹಾಕಿಸುತ್ತಿದ್ದಾರೆ. ಲೀಟರಿಗೆ ಏಳೆಂಟು ರೂಪಾಯಿ ಜಾಸ್ತಿ. 200 ಲೀಟರಿಗೆ ಸುಮಾರು ಸಾವಿರದ ಐನೂರು ಆಯಿತು. ಏಳು ನೂರು ಉಳಿಸೋಕೆ ಸಾವಿರದ ಐನೂರು! ಉಳಿಯುತ್ತಾ ಅಂದ್ರೆ ಅದೂ ಇಲ್ಲ. ಪ್ರೀಮಿಯಂ ಅಂದ ಮಾತ್ರಕ್ಕೆ ಎಥನಾಲ್ ಇಲ್ಲ ಅಂತಲ್ಲ. 95ರಲ್ಲೂ ಎಥನಾಲ್ ಇದೆ. ಆಕ್ಟೇನ್ ಬೇರೆ, ಎಥನಾಲ್ ಬೇರೆ. ಈ ಎರಡನ್ನು ಒಂದೇ ಅಂದುಕೊಳ್ಳುವುದರಿಂದಲೇ ಅರ್ಧ ಗೊಂದಲ.

ಆಕ್ಟೇನ್ ಅಂದ್ರೆ ಪೆಟ್ರೋಲಿನ ತಾಳ್ಮೆ. ಪಿಸ್ಟನ್ ಮೇಲೆ ಬಂದು ಒತ್ತುವಾಗ, ಪ್ಲಗ್ ಕಿಡಿಯ ಬೆಂಕಿ ಬಂದು ಮುಟ್ಟುವ ತನಕ ಸುಮ್ನೆ ಕಾಯುವ ಗುಣ. ತಾಳ್ಮೆ ಇಲ್ಲದ್ದು ತಾನೇ ಹೊತ್ತಿಕೊಂಡು ಬಡಿಯುತ್ತದೆ. ಚಾರ್ಮಾಡಿ ಘಾಟಿಯಲ್ಲಿ ಇಬ್ಬರು ಕೂತು, ನಾಲ್ಕನೇ ಗೇರಿನಲ್ಲೇ ಗಾಡಿಯನ್ನು ಎಳೆದಾಗ ಇಂಜಿನ್ನಿನಿಂದ ಕಟಕಟ ಅಂತ ಸದ್ದು ಬರುತ್ತದಲ್ಲ, ಅದೇ. ಎಷ್ಟು ಒತ್ತಡ, ಅಷ್ಟು ಆಕ್ಟೇನ್ ಬೇಕು. ಹಳೇ ಎರಕದ ಇಂಜಿನ್ ಬುಲೆಟ್‌ನಲ್ಲಿ ಒತ್ತಡದ ಅನುಪಾತ, ಅಂದ್ರೆ ಒಳಗೆ ಬಂದದ್ದನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನೋದು, 6.5. ಈಗಿನ ಕ್ಲಾಸಿಕ್ 350ಯಲ್ಲಿ 9.5. ಇವಕ್ಕೆ ಮಾಮೂಲಿ ಪೆಟ್ರೋಲೇ ಧಾರಾಳ. ಕೆಟಿಎಂ 390 ಥರದ್ದು 12ರ ಮೇಲಿದೆ, ಮ್ಯಾನುಯಲ್ 95 ಕೇಳಿದರೆ ಹಾಕಿಸಿ. ಎಥನಾಲಿನ ಆಕ್ಟೇನ್ 108ರ ಹತ್ತಿರ. ಹಾಗಾಗಿ ಅದು ಬೆರೆತಷ್ಟೂ ಪೆಟ್ರೋಲಿನ ತಾಳ್ಮೆ ಜಾಸ್ತಿ ಆಗುತ್ತದೆಯೇ ಹೊರತು ಕಮ್ಮಿ ಆಗಲ್ಲ. 100 ಸಿಸಿ ಗಾಡಿಗೆ ಪ್ರೀಮಿಯಂ ಹಾಕಿಸಿ "ಪಿಕಪ್ ಸೂಪರ್" ಅನ್ನುವವರನ್ನು ನಾನು ಬೈಯಲ್ಲ. ಖುಷಿಗೂ ಒಂದು ಬೆಲೆ ಇರುತ್ತದೆ.

ಈಗ ಆ ಕೊಳವೆ ನೋಡಿ. ಮುಂದೆ ಬನ್ನಿ, ತಳ್ಳಬೇಡಿ. ತಿಳಿಯಾಗಿದೆ. ಮಧ್ಯೆ ಒಂದು ಗೆರೆ ಕಾಣುತ್ತಿದೆ. ನೀರು ಹಾಕಿದ್ದು 10ಕ್ಕೆ. ಗೆರೆ ಈಗ ಎಲ್ಲಿದೆ? ಯಾರಾದ್ರೂ ಜೋರಾಗಿ ಓದಿ. 27! ನಾನು ನೀರು ಸೇರಿಸಿಲ್ಲ. ಪೆಟ್ರೋಲಿನಲ್ಲಿದ್ದ ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಓಡಿ ಹೋಯಿತು. 90ರಲ್ಲಿ ಹದಿನೇಳು ಹದಿನೆಂಟು, ಅಂದ್ರೆ ಶೇ. 20ರ ಹತ್ತಿರ. ಲೆಕ್ಕ ಸರಿ ಬಂತು.

ಈ ಗೆರೆಯೇ ಇವತ್ತಿನ ಭಾಷಣ. ಎಥನಾಲ್‌ಗೆ ಪೆಟ್ರೋಲಿಗಿಂತ ನೀರಿನ ಮೇಲೆ ಆಸೆ ಜಾಸ್ತಿ. ನೀರು ಸಿಗದಿರುವ ತನಕ ಪೆಟ್ರೋಲಿನ ಜೊತೆ ಸಂಸಾರ ಮಾಡಿಕೊಂಡಿರುತ್ತದೆ. ಚೂರು ನೀರು ಬಂದರೂ ಪರವಾಗಿಲ್ಲ, ಅದನ್ನೂ ಹೀರಿಕೊಂಡು ಇಂಜಿನ್ ಮೂಲಕ ಹೊರಗೆ ಹಾಕುತ್ತದೆ. ಹಿಡಿಸುವಷ್ಟಕ್ಕಿಂತ ಜಾಸ್ತಿ ಆಯಿತೋ, ಒಟ್ಟಿಗೆ ಕೆಳಗೆ ಕೂರುತ್ತದೆ. ಇ10ಕ್ಕೆ ಆ ಮಿತಿ ಸುಮಾರು ಶೇ. ಅರ್ಧ. ಹತ್ತು ಲೀಟರ್ ಟ್ಯಾಂಕಿಗೆ 50 ಎಂಎಲ್, ಅರ್ಧ ಲೋಟ ಕಾಫಿಯಷ್ಟು. ಇ20 ಇನ್ನೊಂದು ಸ್ವಲ್ಪ ಜಾಸ್ತಿ ತಡೆಯುತ್ತದೆ. ತಂಪಾದರೆ ಈ ಮಿತಿ ಕೆಳಗಿಳಿಯುತ್ತದೆ. ಮಧ್ಯಾಹ್ನ ಮೈಸೂರಿನಲ್ಲಿ ಸರಿ ಇದ್ದ ಪೆಟ್ರೋಲ್, ಬೆಳಗಿನ ಜಾವ ಮಡಿಕೇರಿಯಲ್ಲಿ ಒಡೆಯಬಹುದು. ಹಾಲು ಒಡೆದ ಹಾಗೆ.

ಟ್ಯಾಂಕಿಗೆ ನೀರು ಎಲ್ಲಿಂದ ಬರುತ್ತದೆ? ಬಂಕ್‌ನವರ ಮೇಲೆ ಹಾಕೋದು ಸುಲಭ. ಮೊದಲು ನಿಮ್ಮ ಮುಚ್ಚಳ ತೆಗೆದು ನೋಡಿ. ಟ್ಯಾಂಕಿನ ಮೇಲೆ ಚಪ್ಪಟೆ ಕೂರುವ ಮುಚ್ಚಳ ಇದ್ದರೆ, ಅದರ ಸುತ್ತ ಒಂದು ತಗ್ಗು ಇರುತ್ತದೆ. ಅಲ್ಲಿ ಬಿದ್ದ ಮಳೆನೀರು ಹರಿದು ಹೋಗೋಕೆ ಕಡ್ಡಿ ಗಾತ್ರದ ತೂತು ಇರುತ್ತದೆ. ಧೂಳು, ಎಲೆಚೂರು ಸೇರಿ ಅದು ಮುಚ್ಚಿದರೆ ನೀರು ನಿಲ್ಲುತ್ತದೆ. ನೀವು ಬಂಕ್‌ನಲ್ಲಿ ಮುಚ್ಚಳ ಎತ್ತಿದ ಕೂಡಲೇ ಆ ನೀರು ನೇರ ಟ್ಯಾಂಕಿಗೆ. ವಾಟರ್ ಸರ್ವಿಸ್‌ನಲ್ಲಿ ಪೈಪ್ ಹಿಡಿದು ಹೊಡೆಯುವಾಗಲೂ ಇದೇ ಕಥೆ. ಒಂದು ಹಳೇ ಗಿಟಾರ್ ತಂತಿ ಸಿಕ್ಕರೆ ಆ ತೂತಿಗೆ ಹಾಕಿ ಎಳೆಯಿರಿ. ಮಳೆಗಾಲಕ್ಕೆ ಮುಂಚೆ ಈ ಒಂದು ಕೆಲಸ ಮಾಡಿದರೂ ಸಾಕು.

ನನಗೆ ಈ ಬುದ್ಧಿ ಬಂದಿದ್ದು ಮೂರನೇ ಗಾಡಿಯಿಂದ. ನೋಡಿ, ಅಲ್ಲಿ ನಿಂತಿದೆ, ಯೆಜ್ಡಿ. ಇಲ್ಲಿರುವವರಿಗೆ ಅದರ ಪರಿಚಯ ಹೇಳುವುದು ಬೇಡ. 1961ರಿಂದ 1996ರ ತನಕ ಈ ಊರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ, ಮೊದಲು ಜಾವಾ, ಆಮೇಲೆ ಯೆಜ್ಡಿ ಹೆಸರಿನಲ್ಲಿ ತಯಾರಾದ ಗಾಡಿಗಳು. ಕಿಕ್ಕರನ್ನೇ ಮಡಚಿ ಗೇರ್ ಮಾಡಿಕೊಳ್ಳುವ ಗಾಡಿ ಅಂದ್ರೆ ಹೊಸ ಹುಡುಗರು ನಂಬಲ್ಲ. ಇದು ಟೂ ಸ್ಟ್ರೋಕ್. ಇಂಜಿನ್ನಿಗೆ ಬೇಕಾದ ಆಯಿಲನ್ನು ಪೆಟ್ರೋಲಿಗೇ ಬೆರೆಸಿ ಹಾಕಬೇಕು. ನಾನು ಲೀಟರಿಗೆ 40 ಎಂಎಲ್ ಹಾಕುತ್ತೇನೆ. ಮೊದಲು ಆಯಿಲ್, ಆಮೇಲೆ ಪೆಟ್ರೋಲ್, ಚೆನ್ನಾಗಿ ಬೆರೆಯಲಿ ಅಂತ.

ಒಂದು ಮಳೆಗಾಲ ಗಾಡಿ ತೆಗೆಯಲೇ ಇಲ್ಲ. ಮೂರು ತಿಂಗಳು ಶೀಟಿನ ಕೆಳಗೆ ನಿಂತಿತ್ತು. ಟ್ಯಾಂಕಿನಲ್ಲಿ ಕಾಲು ಭಾಗ ಪೆಟ್ರೋಲ್. ಶೀಟಿನ ಒಂದು ಮೊಳೆ ತೂತಿನಿಂದ ಹನಿ ಬೀಳುತ್ತಿತ್ತು ಅಂತ ಆಮೇಲೆ ಗೊತ್ತಾಯಿತು, ಅದೂ ಸರಿಯಾಗಿ ಮುಚ್ಚಳದ ಮೇಲೆ. ದಸರಾ ಹತ್ತಿರ ಬಂತು. ಹೊಸ ಪೆಟ್ರೋಲ್ ಹಾಕಿಸದೆ, ಇರೋದರಲ್ಲೇ ಶ್ರೀರಂಗಪಟ್ಟಣದ ತನಕ ಹೋಗಿ ಬರೋಣ ಅಂತ ಹೊರಟೆ. ಎರಡು ಕಿಕ್ಕಿಗೆ ಸ್ಟಾರ್ಟ್ ಆಯಿತು. ಸದ್ದು ಕೇಳಿ ನಮ್ಮ ಮನೆಯವರು ಅಡುಗೆಮನೆಯಿಂದ ಆಚೆ ಬಂದರು. ಬೈಯೋಕೆ, ಬೇರೆ ಏನಿಲ್ಲ.

ಊರು ದಾಟುವ ತನಕ ಗಾಡಿ ಬೆಣ್ಣೆ. ಆಮೇಲೆ ಪೆಟ್ರೋಲ್ ಮುಗಿದ ಹಾಗೆ ಮುಗ್ಗರಿಸಿತು. ಬಗ್ಗಿ ರಿಸರ್ವ್‌ಗೆ ತಿರುಗಿಸಿದೆ. ಅರ್ಧ ಕಿಲೋಮೀಟರ್ ಹೋಗಿರಬೇಕು, ಉಸಿರು ಕಟ್ಟಿದ ಹಾಗೆ ಎಳೆದು ನಿಂತಿತು. ಎಷ್ಟು ಕಿಕ್ ಹೊಡೆದರೂ ಕೆಮ್ಮುತ್ತದೆ, ಹತ್ತಿಕೊಳ್ಳಲ್ಲ. ಪ್ಲಗ್ ಬಿಚ್ಚಿದೆ, ಒದ್ದೆ. ಮೂಸಿದರೆ ಪೆಟ್ರೋಲ್ ವಾಸನೆಗಿಂತ ಸಾರಾಯಿ ವಾಸನೆ. ಕೊನೆಗೆ ಪೆಟ್ರೋಲ್ ಪೈಪು ಎಳೆದು ಖಾಲಿ ನೀರಿನ ಬಾಟಲಿಗೆ ಬಿಟ್ಟು ನೋಡಿದೆ. ಸ್ವಲ್ಪ ಹೊತ್ತಿಗೆ ಬಾಟಲಿಯಲ್ಲಿ ಎರಡು ಪದರ. ಮೇಲೆ ತೆಳುವಾಗಿ ಆಯಿಲ್ ಬಣ್ಣದ ಪೆಟ್ರೋಲ್. ಕೆಳಗೆ ಬಣ್ಣವೇ ಇಲ್ಲದ ನೀರು ಎಥನಾಲ್. ಆಯಿಲ್ ಒಂದು ಚೂರೂ ಕೆಳಗಿರಲಿಲ್ಲ.

ಏನಾಯಿತು ಅಂತ ಈಗ ನಿಮಗೇ ಗೊತ್ತಾಗಿರಬೇಕು. ಟ್ಯಾಂಕಿನ ಕೆಳಗಿನ ನಲ್ಲಿ, ಅಂದ್ರೆ ಪೆಟ್ರೋಲ್ ಕಾಕ್‌ನಲ್ಲಿ ಎರಡು ದಾರಿ ಇರುತ್ತವೆ. ಮೇನ್‌ನಲ್ಲಿಟ್ಟಾಗ ಒಳಗಿನ ಎತ್ತರದ ಕೊಳವೆಯಿಂದ ಪೆಟ್ರೋಲ್ ಬರುತ್ತದೆ. ರಿಸರ್ವ್‌ಗೆ ಹಾಕಿದರೆ ತಳದಿಂದ. ಒಡೆದ ಪೆಟ್ರೋಲಿನ ಕೆಳಗಿನ ಪದರ ರಿಸರ್ವ್‌ಗೆ ಕಾಯುತ್ತಾ ಕೂತಿತ್ತು. ಆಯಿಲ್ ಇಲ್ಲದ ದ್ರವವನ್ನು ಟೂ ಸ್ಟ್ರೋಕ್ ಇಂಜಿನ್ನಿಗೆ ಕುಡಿಸಿದ್ದೆ. ಉರಿಯಲಾರದೆ ನಿಂತಿತು, ಅದೇ ಪುಣ್ಯ. ಅರೆಬರೆ ಉರಿದುಕೊಂಡು ಇನ್ನು ನಾಲ್ಕು ಕಿಲೋಮೀಟರ್ ಓಡಿದ್ದರೆ ಪಿಸ್ಟನ್ ಹಿಡಿದುಕೊಳ್ಳುತ್ತಿತ್ತು. ಗೂಡ್ಸ್ ಆಟೋದಲ್ಲಿ ಗಾಡಿ ಮನೆಗೆ ಬಂತು. ಮನೆಯವರು ಏನೂ ಅನ್ನಲಿಲ್ಲ. ಅದು ಇನ್ನೂ ಕಷ್ಟ.

ಆಮೇಲೆ ನಾನು ಮಾಡಿಕೊಂಡ ಪದ್ಧತಿ ಹೇಳುತ್ತೇನೆ. ಯೆಜ್ಡಿಗೆ ಓಡಿಸುವ ದಿನ, ಓಡಿಸುವಷ್ಟೇ ಪೆಟ್ರೋಲ್. ವಾಪಸ್ ಬಂದಮೇಲೆ ಕಾಕ್ ಆಫ್ ಮಾಡಿ, ಇಂಜಿನ್ ತಾನಾಗಿ ನಿಲ್ಲುವ ತನಕ ಬಿಡುತ್ತೇನೆ. ಕಾರ್ಬೊರೇಟರ್ ಬೌಲ್ ಒಣಗುತ್ತದೆ. ಗಾಡಿ ಐಡಲ್‌ನಲ್ಲಿದ್ದಾಗ ಪೆಟ್ರೋಲ್ ಕೊಡುವ ಪೈಲಟ್ ಜೆಟ್ಟಿನ ತೂತು ಕೂದಲೆಳೆ ಹೋಗುವಷ್ಟಿರುತ್ತದೆ, ನಿಂತ ಪೆಟ್ರೋಲ್ ಅಂಟಾಗಿ ಮೊದಲು ಮುಚ್ಚೋದು ಅದನ್ನೇ. ಒಂದು ತಿಂಗಳಿಗಿಂತ ಜಾಸ್ತಿ ನಿಲ್ಲಿಸುವುದಾದರೆ ಟ್ಯಾಂಕ್ ಖಾಲಿ ಮಾಡಿ, ಒಳಗೆ ತುಕ್ಕು ಹಿಡಿಯದ ಹಾಗೆ ಚೂರು ಆಯಿಲ್ ಹಾಕಿ ಅಲ್ಲಾಡಿಸಿ ಇಡುತ್ತೇನೆ. ಪೆಟ್ರೋಲ್ ಚೂರು ಜಾಸ್ತಿ ಬರಲಿ ಅಂತ ಮೇನ್ ಜೆಟ್ ಒಂದು ನಂಬರ್ ದೊಡ್ಡದು ಹಾಕಿಸಿದ್ದೇನೆ. ನೀಡಲ್ ಕ್ಲಿಪ್ ಒಂದು ಮೆಟ್ಟಿಲು ಕೆಳಗೆ. ಕಾಕ್‌ನ ವಾಷರ್‌ಗಳನ್ನು, ಪೈಪನ್ನು ಎಥನಾಲ್ ತಡೆಯುವ ರಬ್ಬರ್‌ಗೆ ಬದಲಾಯಿಸಿದೆ. ಹಳೇ ಟ್ಯಾಂಕಿನ ಒಳಗೆ ತುಕ್ಕು ತಡೆಯೋಕೆ ಅಂತ ಬಣ್ಣದ ಥರ ಲೇಪ ಹಾಕಿಸಿದವರು ಹುಷಾರು. ಕೆಲವು ಲೇಪ ಎಥನಾಲ್‌ಗೆ ಮೆತ್ತಗಾಗಿ ಹಾಳೆ ಹಾಳೆಯಾಗಿ ಎದ್ದು ಬರುತ್ತವೆ.

ಪ್ರತಿದಿನ ಓಡುವ ಗಾಡಿಗೆ ಇದ್ಯಾವುದೂ ಬೇಡ. ವಾರಕ್ಕೊಮ್ಮೆ ಟ್ಯಾಂಕ್ ಖಾಲಿಯಾಗಿ ತುಂಬುತ್ತಿದ್ದರೆ ನೀರಿಗೆ ಕೂರೋಕೆ ಸಮಯವೇ ಸಿಗಲ್ಲ.

ಬಂಕ್ ವಿಷಯ ಎರಡೇ ಮಾತು. ಜನ ಓಡಾಡುವ, ಲಾರಿ ಬಂದು ಸರಕು ಖಾಲಿಯಾಗುತ್ತಲೇ ಇರುವ ಬಂಕ್ ಆರಿಸಿಕೊಳ್ಳಿ. ಜೋರು ಮಳೆ ಬಂದು ಬಂಕ್ ಅಂಗಳದಲ್ಲಿ ನೀರು ನಿಂತಿದ್ದರೆ ಮುಂದಿನ ಬಂಕಿಗೆ ಹೋಗಿ. ಅನುಮಾನ ಬಂದರೆ ಫಿಲ್ಟರ್ ಪೇಪರ್ ಪರೀಕ್ಷೆ, ಸಾಂದ್ರತೆ ನೋಡುವುದು, ಐದು ಲೀಟರ್ ಅಳತೆ, ಇವನ್ನು ಕೇಳಿ ಮಾಡಿಸಿಕೊಳ್ಳುವ ಹಕ್ಕು ಗಿರಾಕಿಗೆ ಇದೆ. ಆದರೆ ಫಿಲ್ಟರ್ ಪೇಪರಿನಲ್ಲಿ ಎಥನಾಲ್ ಎಷ್ಟಿದೆ ಅಂತ ಗೊತ್ತಾಗಲ್ಲ. ಅದಕ್ಕೆ ಈ ಕೊಳವೆಯೇ ಬೇಕು. ಹಾಗೆಯೇ, ಪೆಟ್ರೋಲಿಗೆ ನೀರು ಹಾಕಿ ಕೆಳಗಿನ ಪದರ ಬೆಳೆದಿದ್ದನ್ನು ತೋರಿಸಿ, "ನೋಡಿ ಎಷ್ಟು ನೀರು ಬೆರೆಸಿದ್ದಾರೆ" ಅಂತ ಹಾಕುವ ವಿಡಿಯೋಗಳನ್ನು ಇನ್ನು ಮೇಲೆ ಫಾರ್ವರ್ಡ್ ಮಾಡಬೇಡಿ. ಅದು ಬೆರೆಸಿದ ನೀರಲ್ಲ, ಈಗ ತಾನೇ ನೋಡಿದಿರಿ.

ಎಥನಾಲ್ 100 ಅಂತ ಇನ್ನೊಂದು ಇದೆ. 2024ರ ಮಾರ್ಚ್‌ನಲ್ಲಿ ಇಂಡಿಯನ್ ಆಯಿಲ್‌ನವರು ಐದು ರಾಜ್ಯಗಳ 183 ಬಂಕ್‌ಗಳಲ್ಲಿ ಶುರು ಮಾಡಿದರು, ಕರ್ನಾಟಕವೂ ಅದರಲ್ಲಿದೆ. ಅದು ಅದಕ್ಕೆಂದೇ ಮಾಡಿದ ಗಾಡಿಗಳಿಗೆ. ಟಿವಿಎಸ್ 2019ರಲ್ಲೇ ಎಥನಾಲ್‌ನಲ್ಲಿ ಓಡುವ ಅಪಾಚೆ ತಂದಿತ್ತು. ಹೋಂಡಾ 2024ರಲ್ಲಿ ಇ85 ತನಕ ಕುಡಿಯುವ ಸಿಬಿ300ಎಫ್ ತಂದಿದೆ. ಅಗ್ಗ ಸಿಗುತ್ತೆ ಅಂತ ನಿಮ್ಮ ಮಾಮೂಲಿ ಗಾಡಿಗೆ ಹಾಕಿಸಬೇಡಿ. 14.7ಕ್ಕೆ ಮಾಡಿದ ಜೆಟ್ಟಿಗೆ 9ರ ಸರಕು ಹಾಕಿದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ.

ಇನ್ನು ಪ್ರಶ್ನೆಗಳು.

ಮಂಡ್ಯ ಕಡೆಯಿಂದ ಬಂದಿದ್ದ ಯಜಮಾನರೊಬ್ಬರು ಮೊದಲು ಎದ್ದರು. "ಅಲ್ಲಪ್ಪಾ, ನಮ್ ಕಬ್ಬಿಂದಲೇ ತಾನೇ ಇದೆಲ್ಲಾ ಓಡ್ತಿರೋದು? ನೀನು ಬರೀ ದೂರೇ ಹೇಳ್ತಿದ್ದೀಯಲ್ಲ."

ಅವರ ಮಾತಿನಲ್ಲಿ ಅರ್ಧ ನಿಜ ಇದೆ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದ ಎಥನಾಲ್ ಆಗುತ್ತದೆ. ನೇರ ಕಬ್ಬಿನ ಹಾಲಿನಿಂದಲೂ ಮಾಡಬಹುದು. ಆದರೆ 2023ರಲ್ಲಿ ಮಳೆ ಕೈಕೊಟ್ಟಿತು. ಸಕ್ಕರೆ ಕಮ್ಮಿ ಆಗುತ್ತದೆ ಅಂತ ಆ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಬ್ಬಿನ ಹಾಲಿನಿಂದ ಎಥನಾಲ್ ಮಾಡೋದಕ್ಕೆ ತಡೆ ಹಾಕಿತು. ಆ ಜಾಗಕ್ಕೆ ಮುಸುಕಿನ ಜೋಳ, ನುಚ್ಚಕ್ಕಿ ಬಂದವು. ಆಮೇಲೆ ತಡೆ ತೆಗೆದರೂ ಧಾನ್ಯದ ಪಾಲೇ ಮೇಲಾಯಿತು. ಹಾಗಾಗಿ ಇವತ್ತು ಈ ಕೊಳವೆಯಲ್ಲಿ ಕೆಳಗೆ ಕೂತಿರೋದು ಮಂಡ್ಯದ ಕಬ್ಬಿಗಿಂತ ಹಾವೇರಿ, ದಾವಣಗೆರೆ ಕಡೆ ಬೆಳೆಯುವ ಗೋವಿನಜೋಳದ ನೆಂಟನೇ ಇರಬಹುದು ಯಜಮಾನ್ರೇ, ಅಂದೆ. ಅವರು ಒಪ್ಪಿದ ಹಾಗೆ ಕಾಣಲಿಲ್ಲ.

ಆನ್‌ಲೈನ್‌ನಲ್ಲಿ ಸಿಗುವ, ಪೆಟ್ರೋಲಿಗೆ ಹಾಕುವ ಸಣ್ಣ ಬಾಟಲಿಗಳು ಕೆಲಸ ಮಾಡುತ್ತವಾ ಅಂತ ಒಬ್ಬ ಹುಡುಗ ಕೇಳಿದ. ಪೆಟ್ರೋಲ್ ಬೇಗ ಹಳಸದ ಹಾಗೆ ನೋಡಿಕೊಳ್ಳುವ ಔಷಧಿಗಳು ಇವೆ, ಗಾಡಿ ನಿಲ್ಲಿಸುವವರಿಗೆ ಚೂರು ಉಪಯೋಗ. ಆದರೆ ಒಮ್ಮೆ ಒಡೆದ ಪೆಟ್ರೋಲನ್ನು ಯಾವ ಬಾಟಲಿಯೂ ಮತ್ತೆ ಕೂಡಿಸಲ್ಲ. ಆ ದುಡ್ಡಲ್ಲಿ ಹೊಸ ಪೈಪು ಹಾಕಿಸು ಅಂದೆ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಿಂದ ಬಂತು. ಆರ್‌ಎಕ್ಸ್ 100 ಇಟ್ಟುಕೊಂಡಿರುವ ಹುಡುಗ. "ಸಾರ್, ನೀವು ಮಾಡಿದ ಹಾಗೇ ನೀರು ಹಾಕಿ ಎಥನಾಲ್ ಎಲ್ಲಾ ಕೆಳಗೆ ಇಳಿಸಿಬಿಟ್ಟು, ಮೇಲಿನ ಪೆಟ್ರೋಲ್ ಮಾತ್ರ ಗಾಡಿಗೆ ಹಾಕಿದ್ರೆ?"

ಎಲ್ಲರೂ ನಕ್ಕರು. ನಾನು ನಗಲಿಲ್ಲ, ಯಾಕಂದ್ರೆ ಬಹಳ ಜನ ಇದನ್ನು ಮಾಡುತ್ತಿದ್ದಾರೆ. ಹೇಳಿದೆ: ಎಥನಾಲ್ ಬಂದು ಆಕ್ಟೇನ್ ಏರಿಸುತ್ತದೆ ಅನ್ನುವ ಲೆಕ್ಕದಲ್ಲೇ ಆ ಪೆಟ್ರೋಲನ್ನು ತಯಾರು ಮಾಡಿರುತ್ತಾರೆ. ಎಥನಾಲ್ ತೆಗೆದರೆ ಉಳಿಯೋದು ತಾಳ್ಮೆ ಕಮ್ಮಿ ಇರುವ ಪೆಟ್ರೋಲ್. ಏರಿನಲ್ಲಿ ಕಟಕಟ ಅನ್ನುತ್ತದೆ. ಅದರಲ್ಲಿ ಕಣ್ಣಿಗೆ ಕಾಣದ ನೀರಿನ ಹನಿಗಳು ಬೇರೆ ಇರುತ್ತವೆ. ಮನೆಯಲ್ಲಿ ಬಕೆಟ್‌ಗಟ್ಟಲೆ ಪೆಟ್ರೋಲ್ ಬಿಚ್ಚಿಟ್ಟುಕೊಂಡು ಕೂರೋದು ಬೆಂಕಿಯ ಜೊತೆ ಆಟ. ದುಡ್ಡು ಕೊಟ್ಟು ತಂದ ಲೀಟರಿನಲ್ಲಿ 200 ಎಂಎಲ್ ಚೆಲ್ಲಬೇಕು. ಆ ಚೆಲ್ಲುವುದನ್ನು ಎಲ್ಲಿ ಚೆಲ್ಲುತ್ತೀಯಪ್ಪಾ, ಮೋರಿಗಾ?

ಅವನು ತಲೆ ಕೆರೆದುಕೊಂಡ. "ಆಗಲೇ ಎರಡು ಲೀಟರ್ ಮಾಡಿ ಇಟ್ಟಿದ್ದೀನಲ್ಲ ಸಾರ್."

ಟ್ಯಾಂಕಿಗೆ ಹಾಕಬೇಡ, ಗ್ಯಾರೇಜಿನವರಿಗೆ ಕೊಡು, ಗ್ರೀಸ್ ಹಿಡಿದ ಸಾಮಾನು ತೊಳೆದುಕೊಳ್ಳಲಿ ಅಂದೆ. ಕೊಂಡಿಗಳ ಮಧ್ಯೆ ರಬ್ಬರ್ ಬಳೆ, ಅಂದ್ರೆ ಓ-ರಿಂಗ್ ಇರುವ ಚೈನ್‌ಗೆ ಮಾತ್ರ ಮುಟ್ಟಿಸಬಾರದು ಅಂತಲೂ ಹೇಳು. ಅಷ್ಟರಲ್ಲಿ ಕಾಫಿ ಬಂತು.